ಬಿಡಿ ಎಂದಾಗ ಬಿಗಿದದ್ದು

ಆ ದಿನ ಬೆಳಗಿನಿಂದ ನೀರು ಕುಡಿದಿರಲಿಲ್ಲ. ಚನ್ನಗಿರಿಯಿಂದ ದಾವಣಗೆರೆಗೆ ಬಸ್ಸು ಹತ್ತುವ ದಿನ ನಾನು ಯಾವತ್ತೂ ಕುಡಿಯುವುದಿಲ್ಲ. ಜೊತೆಗೆ ಬಂದ ಅತ್ತಿಗೆ ಕಿಟಕಿ ಕಡೆ ಕೂತಿದ್ದಳು. ಇಲ್ಲ, ಕಿಟಕಿ ಕಡೆ ನಾನಿದ್ದೆ. ಅದು ಮುಖ್ಯವಲ್ಲ.

ಎರಡು ವರ್ಷದಿಂದ ಕೆಳಗೆ ಏನೋ ಜಾರಿ ಕೂತ ಹಾಗೆ ಭಾರ. ಕಕ್ಕಸಿನಲ್ಲಿ ಅರ್ಧ ಗಂಟೆ ಮುಕ್ಕರಿದರೂ ಪೂರ್ತಿ ಆಗುತ್ತಿರಲಿಲ್ಲ. ಗರ್ಭಕೋಶವೋ ಕರುಳೋ ಜಾರಿದ್ದರೆ ಆಪರೇಷನ್ ಮಾಡಬೇಕು, ಎಂಆರ್‌ಐ ನೋಡಿಯೇ ಹೇಳುವುದು ಎಂದಿದ್ದರು ಡಾಕ್ಟರಮ್ಮ. ಆಪರೇಷನ್ ಆದರೆ ತಿಂಗಳುಗಟ್ಟಲೆ ಶಾಲೆಗೆ ರಜೆ ಹಾಕಬೇಕು. ಹೆದರಿಕೆ ಆಯಿತೆಂದು ಬರೆಯಬೇಕು. ಆದಂತೆ ನೆನಪಿಲ್ಲ.

ಸ್ಕ್ಯಾನ್ ಸೆಂಟರಿನಲ್ಲಿ ತಾಳಿ, ಬಳೆ, ಕಾಲುಂಗುರ ಬಿಚ್ಚಿ ಅತ್ತಿಗೆಯ ಕೈಗೆ ಕೊಟ್ಟೆ. ನರ್ಸ್ ಹಿಂದಿನಿಂದ ಕರುಳಿಗೆ ತಣ್ಣನೆಯ ಜೆಲ್ ತುಂಬಿದಳು. ಯಂತ್ರದೊಳಗೆ ಮಲಗಿ, ಹೇಳಿದಾಗ ಬಿಗಿಹಿಡಿಯಬೇಕು, ಹೇಳಿದಾಗ ಮುಕ್ಕರಿಯಬೇಕು, ಕೊನೆಗೆ ಜೆಲ್ಲನ್ನು ಅಲ್ಲೇ ಹೊರಗೆ ಬಿಡಬೇಕು. ಆಗ ಒಳಗೆ ಏನು ಎಲ್ಲಿಗೆ ಇಳಿಯುತ್ತದೆ ಎಂದು ಚಿತ್ರ ತೆಗೆಯುತ್ತಾರಂತೆ. ಒಳಗೆ ಹೋಗುವ ಮುಂಚೆ ಅತ್ತಿಗೆ ಕಿವಿಯಲ್ಲಿ ಹೇಳಿದಳು:

"ಹೆರೋವಾಗ ಮುಕ್ಕರಿದ್ಯಲ್ಲ, ಹಂಗೇ ಮಾಡು. ಈ ಸಲ ಸಾಕೋ ಕೆಲಸ ಇಲ್ಲ."

ಯಂತ್ರ ಬಡಿಯತೊಡಗಿತು. ಹೆಡ್‌ಫೋನಿನಲ್ಲಿ ಟೆಕ್ನಿಷಿಯನ್ ಹುಡುಗಿಯ ದನಿ. ಬಿಗಿ ಹಿಡಿಯಿರಿ ಎಂದಳು, ಹಿಡಿದೆ. ಅದು ನನಗೆ ಚೆನ್ನಾಗಿ ಬರುತ್ತಿತ್ತು. ಬಿಡಿ ಎಂದಳು. ಬಿಟ್ಟೆ ಅಂದುಕೊಂಡೆ. ಏನೂ ಬರಲಿಲ್ಲ. ಮತ್ತೆ ಹೇಳಿದಳು, ಮತ್ತೆ ಹಾಗೇ.

"ಬಿಟ್ಟುಬಿಡ್ರಿ ಟೀಚರ್. ಗಂಡಸರ್ಯಾರೂ ಇಲ್ಲ. ಹೊಲಸಾದ್ರೆ ನಾವು ತೊಳ್ಕೊಂತೀವಿ."

ನಾಲ್ಕನೆಯ ಸಲಕ್ಕೆ ಒಂದು ಚೂರು ಹೋಯಿತು. ಅಷ್ಟೆ.

ವಾರದ ನಂತರ ಡಾಕ್ಟರಮ್ಮ ಚಿತ್ರ ತೋರಿಸಿದರು. ಬೂದು ಬಣ್ಣದಲ್ಲಿ, ಪಕ್ಕದಿಂದ ಸೀಳಿದಂತೆ ಕಾಣುವ ನನ್ನ ಸೊಂಟ. ಕರುಳು ಸ್ವಲ್ಪ ಇಳಿದಿದೆ, ಆಪರೇಷನ್ ಮಾಡುವಷ್ಟಲ್ಲ. ತೊಂದರೆ ಬೇರೆ: ಸಡಿಲಾಗಬೇಕಾದ ಹೊತ್ತಿಗೆ ತಳದ ಸ್ನಾಯು ಇನ್ನಷ್ಟು ಬಿಗಿಯುತ್ತಿದೆ. ನಾಚಿಕೆಗೆ ಹಾಗಾಗಿರಬಹುದಲ್ಲ ಎಂದೆ. ಆಗಬಹುದು, ಆದರೆ ಮೊದಲ ಸಲ ಇಲ್ಲಿ ಬೆರಳಿಟ್ಟು ಪರೀಕ್ಷೆ ಮಾಡಿದಾಗಲೂ ಹೀಗೇ ಇತ್ತು ಎಂದರು.

"ಯಾವಾಗಿಂದ ಹಿಂಗೆ ಹಿಡ್ಕೊಂಡು ರೂಢಿ ಆಗೈತ್ರಿ?"

ಜಗಳೂರು ಕಡೆಯ ಮೊದಲ ಶಾಲೆಯಿಂದ ಎಂದೆ. ಅಲ್ಲಿ ಶೌಚಾಲಯಕ್ಕೆ ಬಾಗಿಲಿರಲಿಲ್ಲ, ಸಂಜೆಯವರೆಗೆ ತಡೆದುಕೊಳ್ಳುತ್ತಿದ್ದೆ. ಅವರು ಬರೆದುಕೊಂಡರು. ಬರೆಯುವುದನ್ನು ನೋಡುತ್ತಿದ್ದಂತೆ ಅನುಮಾನ ಬಂತು. ಬಾಗಿಲಿಲ್ಲದ್ದು ಆಮೇಲಿನ ಹೊನ್ನಾಳಿ ಶಾಲೆಯದ್ದಿರಬೇಕು. ಜಗಳೂರಿನದಕ್ಕೆ ಬಾಗಿಲೂ ಇತ್ತು, ಬೀಗವೂ ಇತ್ತು. ಕೀಲಿ ಹೆಡ್‌ಮಾಸ್ಟರ ಜೇಬಿನಲ್ಲಿರುತ್ತಿತ್ತು, ನಾನು ಕೇಳುತ್ತಿರಲಿಲ್ಲ. ನ್ಯಾಮತಿಯಲ್ಲಿ ಹೇಗಿತ್ತೋ ನೆನಪೇ ಇಲ್ಲ. ಈಗಿನ ಚನ್ನಗಿರಿಯ ಶಾಲೆಯಲ್ಲಿ ಬಾಗಿಲು, ಚಿಲಕ, ನೀರು ಎಲ್ಲ ಇದೆ. ಅಲ್ಲಿಗೂ ಹೋಗುವುದಿಲ್ಲ. ಹೇಳಿದ್ದನ್ನು ತಿದ್ದಲಿಲ್ಲ.

ಆಪರೇಷನ್ ಬೇಡವೆಂದಾಯಿತು. ಬಿಡುವುದನ್ನು ಕಲಿಯಲು ವಾರಕ್ಕೊಮ್ಮೆ ಫಿಸಿಯೋಥೆರಪಿ. ಶಾಲೆಯಲ್ಲಿ ದಿನಕ್ಕೆ ಎರಡು ಸಲವಾದರೂ, ಬರಲಿ ಬಾರದಿರಲಿ, ಹೋಗಿ ಕೂರಬೇಕು.

ಸೋಮವಾರ ಎರಡನೇ ಪೀರಿಯಡ್ ಮುಗಿಸಿ ಹೋದೆ. ಚಿಲಕ ಹಾಕಿದೆ. ಹೊರಗೆ ಯಾರೋ ನಡೆದುಹೋದರು. ಬಿಗಿಯಿತು. ಹೆಜ್ಜೆ ದೂರವಾಗುವವರೆಗೆ ಕೂತೇ ಇದ್ದೆ. ಆಮೇಲೆ ಸ್ವಲ್ಪ ಬಂತು.