ಕೆಮ್ಮಿನ ಔಷಧಿಯ ಕೊಲೆಗಾರ

ಇಪ್ಪತ್ತಾರು ಪತ್ತೇದಾರಿ ಕಾದಂಬರಿ ಬರೆದ ಈ ಮನುಷ್ಯನನ್ನು ಊರು ‘ಸಸ್ಪೆನ್ಸ್ ಸಾಹೇಬ್ರು’ ಎಂದು ಕರೆಯುತ್ತದೆ. ಪುಸ್ತಕದಲ್ಲಿ ಹೆಣದ ಮೇಲೆ ಹೆಣ ಬೀಳಿಸುವ ಈ ಶೂರ ಮನೆಯಲ್ಲಿ ಜಿರಲೆ ಕಂಡರೆ ಕುರ್ಚಿ ಹತ್ತುತ್ತಾನೆ. ಕೆಲಸವಿಲ್ಲದೆ ಅಲೆಯುತ್ತಿದ್ದ ಆರು ವರ್ಷ ಅಕ್ಕನ ಮನೆಯಲ್ಲೇ ಉಂಡ. ಭಾವನ ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ಖಾಲಿ ಪೆಟ್ಟಿಗೆಗಳ ಮೇಲೆ ಕಾಗದ ಹರಡಿಕೊಂಡು ಮೊದಲ ಕಾದಂಬರಿ ಬರೆದ. ಆಮೇಲೆ ಅವನ ಪುಸ್ತಕವಿಲ್ಲದ ಬಸ್ ನಿಲ್ದಾಣವೇ ಇಲ್ಲ ಎನ್ನುವಂತಾಯಿತು.

ಅವನಿಗೊಂದು ಪದ್ಧತಿಯಿತ್ತು. ಗಾಳಿಯಲ್ಲಿ ಹುಟ್ಟಿಸಿದ ಕೊಲೆಗಾರ ಕಾಲೂರಿ ನಿಲ್ಲುವುದಿಲ್ಲ ಎಂದು ಪ್ರತಿಯೊಬ್ಬನಿಗೂ ಪರಿಚಿತರೊಬ್ಬರ ಚಾಳಿ ಅಂಟಿಸುತ್ತಿದ್ದ. ಒಬ್ಬ ಮನೆ ಮಾಲೀಕನಂತೆ ಉಗುರು ಕಚ್ಚಿದ, ಇನ್ನೊಬ್ಬನಿಗೆ ಹಳೆಯ ಮೇಷ್ಟರ ಗೊಗ್ಗರು ದನಿ ಬಂತು. ಯಾರಿಗೂ ಗೊತ್ತಾಗಲಿಲ್ಲ. ಇಪ್ಪತ್ತೈದನೆಯದಕ್ಕೆ ವಿಷ ಬೆರೆಸುವ ಔಷಧಿ ಅಂಗಡಿಯವನು ಬೇಕಾದ. ಬರೆಯುವ ಹುರುಪಿನಲ್ಲಿ ಭಾವನನ್ನೇ ಇಡಿಯಾಗಿ ಎತ್ತಿ ಪುಸ್ತಕದೊಳಗಿಟ್ಟ: ತಾನೇ ಕಾಯಿಸಿದ ಕೆಮ್ಮಿನ ಔಷಧಿ, ಮುಚ್ಚಳವನ್ನು ಹೆಬ್ಬೆರಳಿನಿಂದ ಮೂರು ಸಲ ತಟ್ಟುವುದು, ಕೈಗಿಡುವಾಗ “ಇನ್ನು ಚಿಂತೆ ಬಿಡಿ” ಅನ್ನುವುದು. ಕಾದಂಬರಿಯಲ್ಲಿ ಆ ಮಾತು ಕೇಳಿದ ಏಳು ಜನ ಸತ್ತರು. ಉಂಡ ಮನೆಯ ಜಂತೆ ಎಣಿಸುವುದು ಅಂದರೆ ಇದೇ.

ಪುಸ್ತಕ ಐದು ಮುದ್ರಣ ಕಂಡಿತು. ಅಂಗಡಿಯ ಬೀದಿಯೂ ಓದಿತು. ಮೊದಲು ಬರೀ ತಮಾಷೆ: “ಏನ್ರೀ, ಇವತ್ತು ಯಾರ ಸರದಿ?” ಬರಬರುತ್ತಾ ತಾಯಂದಿರು ಮಕ್ಕಳ ಔಷಧಿಗೆ ಬೇರೆ ಅಂಗಡಿ ಹುಡುಕಿಕೊಂಡರು. ಕಥೆಯನ್ನು ಯಾರೂ ನಂಬಿರಲಿಲ್ಲ, ಆದರೂ ಸುಮ್ಮನೆ ಯಾಕೆ ಬೇಕು ಅಂದುಕೊಂಡರು.

ಅಕ್ಕ ಫೋನಿನಲ್ಲಿ ಬೈಯಲೂ ಇಲ್ಲ. “ಒಂದ್ಸಲ ಬಂದು ಅವರ ಮುಖ ನೋಡ್ಕೊಂಡು ಹೋಗೋ” ಅಂದಳು, ಅಷ್ಟೆ. ಹೋಗಿ ಕ್ಷಮೆ ಕೇಳಬೇಕು ಎಂದು ದಿನಾ ಅಂದುಕೊಂಡ. ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದು ದಿನಾ ಮುಂದೆ ಹಾಕಿದ. ಹಾಗೆ ಎಂಟು ತಿಂಗಳು ಕಳೆದ. ಆ ನಡುವೆ ಇಪ್ಪತ್ತಾರನೆಯದನ್ನು ಬರೆದು ಮುಗಿಸಿದ್ದನ್ನು ನೆನೆದರೆ ಅವನಿಗೆ ತನ್ನ ಮೇಲೇ ಅಸಹ್ಯ.

ಕೊನೆಗೆ ಒಂದು ಮಧ್ಯಾಹ್ನ ಹೋದ. ಅಂಗಡಿಯಲ್ಲಿ ಒಬ್ಬ ಗಿರಾಕಿಯೂ ಇರಲಿಲ್ಲ. ಭಾವ ಮುಖ ಅರಳಿಸಿಕೊಂಡೇ ಎದ್ದರು.

“ಬಾರಯ್ಯ, ದೊಡ್ಡ ಮನುಷ್ಯ! ದಾರಿ ಮರೆತೇಬಿಟ್ಟೆ ಅಂದ್ಕೊಂಡಿದ್ದೆ.”

“ಭಾವ, ಆ ಪುಸ್ತಕ... ನಾನು...” ದಾರಿಯುದ್ದಕ್ಕೂ ಉರುಹೊಡೆದಿದ್ದ ಮಾತು ಗಂಟಲಲ್ಲೇ ಸಿಕ್ಕಿಕೊಂಡು ಕೆಮ್ಮು ಬಂತು. ಬಂದದ್ದು ನಿಲ್ಲಲೇ ಇಲ್ಲ.

“ಮಾತು ಆಮೇಲಿರಲಿ. ಮೊದಲು ಕೆಮ್ಮು ನೋಡೋಣ.”

ಭಾವ ಬಾಟಲಿ ಇಳಿಸಿದರು. ಒಂದು ಚಮಚ ಬಗ್ಗಿಸಿ, ಅವನ ಮುಖವನ್ನೇ ನೋಡುತ್ತಾ ತಾವೇ ಕುಡಿದರು. ಬಾಯಿ ತೆರೆದು, ನುಂಗಿದ್ದನ್ನು ತೋರಿಸಿದರು. ಆಮೇಲೆ ಬೇರೆ ಚಮಚ ತೆಗೆದು ಅವನಿಗೆ ಬಗ್ಗಿಸಿದರು.

ಅವನ ಕೈ ಮೇಲೇಳಲಿಲ್ಲ. ಆಗ ಭಾವನಿಗೆ ತಾವೇನು ಮಾಡಿದೆವೆಂದು ಹೊಳೆಯಿತು.

“ಅಯ್ಯೋ, ನಿನ್ನ ಮುಂದೂ ಕುಡಿದು ತೋರಿಸಿಬಿಟ್ನಾ? ತಪ್ಪು ತಿಳ್ಕೋಬೇಡಪ್ಪಾ. ಈಗೀಗ ಅಭ್ಯಾಸ ಆಗ್ಬಿಟ್ಟಿದೆ,” ಎಂದು ಅವರೇ ಕ್ಷಮೆ ಕೇಳಿದರು.