ಗೋಡಂಬಿ ಚೂರಿನ ಮೇಲೆ ನಡೆದ ತರಗತಿ

ಮೊನ್ನೆ ಪಾಯಸಕ್ಕೆಂದು ಗೋಡಂಬಿ ಚೂರನ್ನು ತುಪ್ಪದಲ್ಲಿ ಹುರಿಯುತ್ತಿದ್ದೆ. ಆ ಕಂಪಿಗೆ ಪಕ್ಕದ ಮನೆಯ ಅಕ್ಕೋರು ನೆನಪಾದರು...

ನಮ್ಮ ಕುಮಟೆಯ ಗೇರುಬೀಜ ಕಾರ್ಖಾನೆಗೆ ಬೀಜ ಕತ್ತರಿಸುವ ಯಂತ್ರ ಬಂದಾಗ, ಕೈಯಲ್ಲೇ ಒಡೆಯುತ್ತಿದ್ದ ಹೆಂಗಸರ ಕೆಲಸಕ್ಕೆ ಕುತ್ತು ಬಂತು. ಅವರಿಗೆ ಯಂತ್ರ ಕಲಿಸಲು ಮಾಲೀಕರೂ ಕಾರ್ಮಿಕ ಸಂಘವೂ ಕೂಡಿ ಒಂದು ತರಗತಿ ತೆರೆದರು. ಕಲಿಸುತ್ತಿದ್ದವರು ಈ ಪಕ್ಕದ ಮನೆಯವರು; ನಮ್ಮ ಕಡೆ ಟೀಚರಮ್ಮ ಎಂದರೆ ಅಕ್ಕೋರು, ಅದಕ್ಕೇ ಎಲ್ಲರಿಗೂ ಅಕ್ಕೋರು. ಮೊದಲು ಸರ್ಕಾರದ ಹಣ ಬಂತು, ಆಮೇಲೆ ನಿಂತಿತು. ಇನ್ನು ಖರ್ಚು ಯಾರದು? ಮಾಲೀಕರು ಸಂಘದ ಮೆಟ್ಟಿಲು ತುಳಿಯರು, ಸಂಘದ ಅಧ್ಯಕ್ಷರು ಅವರ ಆಫೀಸಿಗೆ ಕಾಲಿಡರು. ಅಕ್ಕೋರ ಪಕ್ಕದ ಮನೆಯೆಂದು ಜಗಳವೆಲ್ಲ ನಮ್ಮ ಜಗಲಿಯಲ್ಲೇ. ಒಬ್ಬರು ಚಹಾ ಕುಡಿದರೆ ಇನ್ನೊಬ್ಬರು ಲೋಟ ಮುಟ್ಟುತ್ತಿರಲಿಲ್ಲ.

ದಾರಿ ಹುಡುಕಿದ್ದು ಅಕ್ಕೋರೇ. ಕಲಿಯುವವರ ಕೈಯಲ್ಲಿ ಚೂರಾದ ಬೀಜ ಮಾರಿ ಬಂದದ್ದು ತರಗತಿಗೇ ಇರಲಿ ಎಂದರು. ಇಬ್ಬರೂ ತಕ್ಷಣ ಒಪ್ಪಿದರು. ಯಾರ ಕಿಸೆಗೂ ಕೈ ಹಾಕಬೇಕಿರಲಿಲ್ಲವಲ್ಲ!

ಆದರೆ ಅಕ್ಕೋರು ತೀರಾ ಚೆನ್ನಾಗಿ ಕಲಿಸಿಬಿಟ್ಟರು. ಚೂರು ಕಡಿಮೆಯಾಯಿತು, ಅದರ ಜೊತೆ ಹಣವೂ. ಸರದಿಗೆ ಕಾಯುವವರು ಇನ್ನೂ ಎಷ್ಟೋ ಮಂದಿ ಇದ್ದರು.

"ಎಲ್ಲಾ ಕಲ್ತಾತು. ಇನ್ನು ಕ್ಲಾಸ್ ಎಂತಕ್ಕೆ?" ಎಂದರು ಮಾಲೀಕರು.

"ಚೂರಾಗದೆ ಉಳಿದ ಬೀಜದ ಲಾಭ ಯಾರ ಹೊಟ್ಟೆಗೆ ಹೋಯ್ತು? ಅದ್ರಲ್ಲಿ ಅರ್ಧ ಹಾಕಿ," ಎಂದರು ಅಧ್ಯಕ್ಷರು.

"ನಿಮ್ಮ ಸಂಘದ ಚಂದಾ ಎಂತ, ಹಾರ-ಶಾಲಿಗೆ ಮಾತ್ರವಾ?"

ಮಾಲೀಕರು ಚಪ್ಪಲಿ ಮೆಟ್ಟಿ ಹೋದ ಮೇಲೆ ಅಧ್ಯಕ್ಷರು ದನಿ ತಗ್ಗಿಸಿದರು. "ಅಕ್ಕೋರೇ, ಹುಡುಗೇರಿಗೆ ಸ್ವಲ್ಪ ಜಾಸ್ತಿ ಚೂರು ಮಾಡೂಕೆ ಹೇಳಿ. ಎಲ್ಲಾ ಸರಿ ಆತು."

ಅಕ್ಕೋರ ಮುಖ ಕೆಂಪೇರಿತು. "ಹಿರೇಗುತ್ತಿಯಿಂದ ಬಸ್ಸಲ್ಲಿ ನಿಂತ್ಕೊಂಡು ಬರ್ತಾವೆ ಅವು. ಅವಕ್ಕೆ ಕೆಲ್ಸ ಕೆಡಿಸೂದು ಕಲಿಸ್ಲಾ? ಏಳಿ ಮೇಲೆ!"

ತರಗತಿ ಮುಚ್ಚಿತು. ಸರದಿಗೆ ಕಾದಿದ್ದವರಲ್ಲಿ ಕೆಲವರು ಓಂ ಬೀಚಿನ ಹೋಟೆಲುಗಳಲ್ಲಿ ಪಾತ್ರೆ ತಿಕ್ಕಲು ಹೋದರು. ಯಂತ್ರಕ್ಕೆ ಹೊರಗಿನಿಂದ ಕಲಿತವರನ್ನು ಕರೆಸಿದರು. ಅಕ್ಕೋರು ಆಮೇಲೆ ಕಾರ್ಖಾನೆಯ ರಸ್ತೆಯಲ್ಲಿ ನಡೆಯುವುದನ್ನೇ ಬಿಟ್ಟರು, ಸುತ್ತಿ ಹೋಗುತ್ತಿದ್ದರು...

ಅವರು ತೀರಿಕೊಂಡು ಒಂದು ಮಳೆಗಾಲ ಕಳೆಯಿತು. ನಿನ್ನೆ ಮಾಲೀಕರ ಫೋನು: ಅಕ್ಕೋರ ನೆನಪಿಗೆ ದೊಡ್ಡ ಸಭೆಯಂತೆ, ಫೋಟೋಕ್ಕೆ ಹಾರವಂತೆ, ಊಟವಂತೆ. "ಖರ್ಚು ನಾವೂ ಸಂಘದವರೂ ಅರ್ಧರ್ಧ," ಎಂದರು, ಬಹಳ ಹೆಮ್ಮೆಯಿಂದ. ನಾಲ್ಕು ಮಾತು ಆಡಲು ನಾನು ಬರಬೇಕಂತೆ.

"ಆ ಅರ್ಧರ್ಧ ಅವರಿದ್ದಾಗ ಕ್ಲಾಸಿಗೆ ಹಾಕೂಕೆ ಎಂತ ಆಗಿತ್ತು?" ಎಂದು ಕೇಳಿದೆ.