ಮಧ್ಯಾಹ್ನದ ಪಾಠ

ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ಯಜಮಾನನಿಗೆ ಕೆಲಸಗಾರರು ಇಟ್ಟ ಹೆಸರು ‘ನಾಳೆ ಸಾಹುಕಾರ’. ಫ್ಯಾನು ಕೆಟ್ಟರೆ ನಾಳೆ, ಬಲ್ಬು ಹೋದರೆ ನಾಳೆ, ನಲ್ಲಿ ಸೋರಿದರೆ ನಾಳೆ. ಮನಸ್ಸು ಕೆಟ್ಟದ್ದಲ್ಲ. ಕೇಳಿದವರಿಗೆ ಇಲ್ಲ ಅಂದವನೇ ಅಲ್ಲ, ಆದರೆ ಅವನ ಹೌದುಗಳೆಲ್ಲ ಮರುದಿನಕ್ಕೆ ಬೀಳುತ್ತಿದ್ದವು. ಹೆಸರಿಟ್ಟವನು ಮೇಸ್ತ್ರಿ. ಅದನ್ನು ಯಜಮಾನನ ಎದುರಿಗೇ ಕೂಗುವ ಧೈರ್ಯ ಇದ್ದವನೂ ಅವನೊಬ್ಬನೇ.

ಮೇಸ್ತ್ರಿಯನ್ನು ಯಜಮಾನ ಭಾವ ಅನ್ನುತ್ತಿದ್ದ. ಹುಡುಕಿದರೂ ರಕ್ತಸಂಬಂಧ ಸಿಗುವುದಿಲ್ಲ. ಬಾಡಿಗೆಯ ಒಂದೇ ಕೋಣೆಯಲ್ಲಿ ಇಬ್ಬರೂ ಕೂತು ಬ್ರಷ್ಷಿನಿಂದ ಅಂಟು ಬಳಿದು ಪೆಟ್ಟಿಗೆ ಮಡಚುತ್ತಿದ್ದ ಕಾಲದಲ್ಲಿ ಮೇಸ್ತ್ರಿಯ ಹೆಂಡತಿ ಇಬ್ಬರಿಗೂ ಬುತ್ತಿ ತರುತ್ತಿದ್ದಳು. ಉಂಡ ಋಣಕ್ಕೆ ಅವನು ಆಕೆಯನ್ನು ಅಕ್ಕ ಅಂದ. ಅಕ್ಕನ ಗಂಡ ತಾನಾಗಿಯೇ ಭಾವನಾದ. ಆಮೇಲೆ ಕೋಣೆ ಹೋಗಿ ಶೆಡ್ಡು ಬಂತು, ಬ್ರಷ್ಷು ಹೋಗಿ ಅಂಟಿನ ಮೆಷಿನ್ನು ಬಂತು. ಒಬ್ಬ ಯಜಮಾನನಾದ, ಇನ್ನೊಬ್ಬ ಮೇಸ್ತ್ರಿಯಾಗಿ ಉಳಿದ. ಆದರೂ ಭಾವ ಅವನನ್ನು ‘ಲೋ’ ಅನ್ನುವುದು ಬಿಡಲಿಲ್ಲ.

ರಟ್ಟಿನ ಹಾಳೆ ಪೇರಿಸುವ ಅಟ್ಟಕ್ಕೊಂದು ಮರದ ಏಣಿ. ಅದರ ಮೇಲಿನ ಮೆಟ್ಟಿಲು ಸಡಿಲವಾಗಿತ್ತು.

“ಲೋ, ಏಣಿ ಅಲ್ಲಾಡ್ತಾ ಇದೆ. ಯಾರಾದ್ರೂ ಬಿದ್ದು ಸೊಂಟ ಮುರ್ಕೋತಾರೆ ನೋಡು,” ಅಂದಿದ್ದ ಭಾವ.

“ನಾಳೆ ಬಡಗಿನ ಕರೆಸ್ತೀನಿ ಭಾವ.”

ಬಿದ್ದದ್ದು ಭಾವನೇ, ಮುರಿದದ್ದು ಸೊಂಟವೇ. ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಅವನ ತಲೆ ಯಜಮಾನನ ತೊಡೆಯ ಮೇಲಿತ್ತು. ನನ್ನದೇ ತಪ್ಪು ಭಾವ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಸ್ಟ್ರೆಚರ್ ಒಳಗೆ ಹೋಯಿತು. ನಾಳೆ ಹೇಳಿದರಾಯಿತು ಅಂದುಕೊಂಡ.

ಆ ನಾಳೆ ಬಂದದ್ದು ಹೋಟೆಲಿನ ಸಭಾಂಗಣದಲ್ಲಿ. ಸಣ್ಣ ಕಾರ್ಖಾನೆಗಳ ಮಾಲೀಕರ ಸಂಘ ಮೊದಲೇ ಗೊತ್ತುಮಾಡಿದ್ದ ತರಬೇತಿ ಅದು. ಸಂಘದ ಒಬ್ಬನನ್ನು ಅವನ ಕೆಲಸಗಾರನೇ ಕೋರ್ಟಿಗೆಳೆದು ಹೈರಾಣು ಮಾಡಿದ್ದ. ಅಂದಿನಿಂದ ಉಳಿದವರಿಗೆಲ್ಲ ಹಗ್ಗ ಕಂಡರೂ ಹಾವು. ಕಾರ್ಮಿಕ ಕಾನೂನು ಹೇಳಿಕೊಡಲು ಒಬ್ಬ ವಕೀಲೆಯನ್ನು ಕರೆಸಿದ್ದರು. ಆಕೆ ಮೈಕು ಹಿಡಿದು, “ಅಪಘಾತ ಆದ ತಕ್ಷಣ ತಪ್ಪು ನಂದೇ ಅಂತ ಆತುರದಲ್ಲಿ ಒಪ್ಕೋಬೇಡಿ. ವಿಚಾರಣೆ ಆಗಲಿ. ಒಬ್ಬರೇ ಮನೆಗೆ ಹೋಗಿ ಪರಿಹಾರದ ಮಾತು ಆಡ್ಬೇಡಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು,” ಅಂದಳು. ಎಲ್ಲರೂ ನಕ್ಕರು. ನಿನ್ನೆ ಬಾಯಿ ಬಿಡದೆ ಬಚಾವಾದೆ ಅಂದುಕೊಂಡ ಯಜಮಾನ.

ಊಟದ ಹೊತ್ತಿಗೆ ಕಾರ್ಖಾನೆಯಿಂದ ಫೋನು. ಮೇಸ್ತ್ರಿ ಇಲ್ಲದೆ ಅಂಟಿನ ಮೆಷಿನ್ನು ನಿಂತುಹೋಗಿದೆ. ಅರ್ಧ ತಟ್ಟೆ ಬಿಟ್ಟು ಎದ್ದು ಹೋದವನು ಮಧ್ಯಾಹ್ನದ ಪಾಠಕ್ಕೆ ವಾಪಸು ಬರಲಿಲ್ಲ. ಹಾಜರಿ ಬೆಳಿಗ್ಗೆಯೇ ಹಾಕಿದ್ದರಿಂದ ಸರ್ಟಿಫಿಕೇಟು ಮಾತ್ರ ಪೂರ್ತಿ ಬಂತು.

ಅಲ್ಲಿಂದ ಮುಂದೆ ಅವನು ಮಾಡಿದ್ದೆಲ್ಲ ಕಾನೂನು ಪ್ರಕಾರ. ಆಸ್ಪತ್ರೆಯ ಖರ್ಚು ಕೊಟ್ಟ, ಸಂಬಳ ತಪ್ಪಿಸಲಿಲ್ಲ. ಎಲ್ಲವನ್ನೂ ಗುಮಾಸ್ತನ ಕೈಯಲ್ಲಿ ಕಳಿಸಿದ, ತಾನು ಮಾತ್ರ ಆ ಕಡೆ ಹೆಜ್ಜೆ ಹಾಕಲಿಲ್ಲ. ಭಾವನನ್ನು ಆಸ್ಪತ್ರೆಯಿಂದ ಅವನ ಮನೆಗೆ ಕರೆತಂದ ಮೇಲೆ ಯಜಮಾನನ ಹೆಂಡತಿ, “ಒಂದು ಸಲ ಹೋಗಿ ಬನ್ರೀ,” ಅಂದಳು.

“ನಿನಗೆ ಗೊತ್ತಾಗಲ್ಲ. ಕಾನೂನು ಇದೆ.”

“ನಿಮ್ಮ ಕಾನೂನಿಗೆ ಅಕ್ಕನ ಮನೆ ಬುತ್ತಿ ಗೊತ್ತಾ?” ಅಂದ ಅವಳು ತಾನೇ ಹೋಗಿ ನೋಡಿ ಬಂದಳು. “ಅಣ್ಣ ಒಣಗಿ ಕಡ್ಡಿ ಆಗಿದಾರೆ. ಎಲ್ಲಿ ಅವನು ಅಂತ ಕೇಳಿದ್ರು. ಆಮೇಲೆ ಅವರೇ ನಕ್ಕು, ‘ನಾಳೆ ಸಾಹುಕಾರ ಅಲ್ವಾ, ನಾಳೆ ಬರ್ತಾನೆ ಬಿಡು’ ಅಂದ್ರು.”

ಅಂದು ಸಂಜೆ ಅವನು ಹೊರಟೇಬಿಟ್ಟ. ಭಾವನ ಬೀದಿಯ ತಿರುವಿನವರೆಗೂ ಹೋದ. ತೆರೆದ ಬಾಗಿಲು ಕಾಣುತ್ತಿತ್ತು, ಅಕ್ಕ ಹೊರಗೆ ಬಟ್ಟೆ ತೆಗೆಯುತ್ತಿದ್ದಳು. ಒಳಗೆ ಕಾಲಿಟ್ಟರೆ ತಾನು ಅತ್ತೇ ಅಳುತ್ತೇನೆ, ಅತ್ತರೆ ಎಲ್ಲ ಬಾಯಿಗೆ ಬರುತ್ತದೆ ಅನ್ನುವುದು ಅವನಿಗೆ ಗೊತ್ತಿತ್ತು. ಅಂಗಡಿಯೊಂದರ ಮುಂದೆ ಸುಮ್ಮನೆ ನಿಂತಿದ್ದು, ತಿರುಗಿ ಬಂದ. ಅಯ್ಯೋ, ಹೋಗಬೇಕಿತ್ತು. ಇನ್ನು ಹತ್ತು ಮನೆ ದಾಟಿದ್ದರೆ ಸಾಕಿತ್ತು.

ಮಲಗಿದಲ್ಲೇ ಮಲಗಿದ ದೇಹಕ್ಕೆ ಎದೆಯಲ್ಲಿ ಕಫ ಕಟ್ಟಿತು. ಭಾವ ಹೋಗಿಬಿಟ್ಟ.

ಸುದ್ದಿ ಬಂದಾಗ ಯಜಮಾನ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಓಡಿದ. ಈಗ ಯಾವ ಕಾನೂನೂ ನೆನಪಾಗಲಿಲ್ಲ. ಮನೆಯ ತುಂಬ ಕಾರ್ಖಾನೆಯವರೇ ಇದ್ದರು. ಅಕ್ಕ ತಲೆಯೆತ್ತಿ ನೋಡಿ, “ಬನ್ನಿ ಯಜಮಾನ್ರೇ, ಕೂತ್ಕೊಳ್ಳಿ,” ಅಂದಳು. ಅದುವರೆಗೆ ‘ಬಾರೋ ತಮ್ಮ’ ಎಂದೇ ಕರೆದ ಬಾಯಿ ಅದು. ಅವನು ಅವಳ ಮುಂದೆ ನೆಲದ ಮೇಲೆ ಕೂತ.

“ನನ್ನದೇ ತಪ್ಪು ಅಕ್ಕ. ಆ ಏಣಿ...”

“ಏಣಿ ವಿಷಯ ಅವರಿಗೆ ಗೊತ್ತಿರಲಿಲ್ವಾ?” ಅಕ್ಕನ ಧ್ವನಿಯಲ್ಲಿ ಸಿಟ್ಟೂ ಉಳಿದಿರಲಿಲ್ಲ. “ಮೆಟ್ಟಿಲು ಸಡಿಲ ಅಂತ ಗೊತ್ತಿದ್ದೂ ಅವಸರಕ್ಕೆ ಹತ್ತಿದೆ ಅಂತಿದ್ರು. ‘ಅವನು ಅದನ್ನೇ ಮನಸ್ಸಿಗೆ ಹಚ್ಕೊಂಡು ಕೊರಗ್ತಿರ್ತಾನೆ ಕಣೇ, ಬಂದರೆ ಎರಡು ಬೈದು ಹಗುರ ಮಾಡಿ ಕಳಿಸ್ತೀನಿ’ ಅಂತಿದ್ರು. ಮಗ್ಗುಲು ಬದಲಾಯಿಸೋಕೆ ಹೋದರೆ ಬೇಡ ಅನ್ನೋರು. ಈ ಕಡೆ ಇದ್ರೆ ಬಾಗಿಲು ಕಾಣುತ್ತೆ ಅಂತ.”

ಮರುವಾರ ಕಾರ್ಖಾನೆಗೆ ಕಬ್ಬಿಣದ ಏಣಿ ಬಂತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಯಜಮಾನ ಈಗ ಯಾವುದನ್ನೂ ನಾಳೆಗೆ ತಳ್ಳುವುದಿಲ್ಲ. ಹಾಗಾಗಿ ಹಳೆಯ ಹೆಸರನ್ನು ಕರೆಯುವವರೂ ಇಲ್ಲ. ಕರೆದಿದ್ದರೆ ಚೆನ್ನಾಗಿತ್ತು ಅಂತ ಅವನಿಗೇ ಎಷ್ಟೋ ಸಲ ಅನಿಸುತ್ತದೆ.

ಮುಂದಿನ ವರ್ಷ ಸಂಘ ಅದೇ ತರಬೇತಿ ಇಟ್ಟಿತು. ಅದೇ ಸಭಾಂಗಣ, ಅದೇ ವಕೀಲೆ, ಮುತ್ತಿನ ಮಾತಿಗೆ ಅದೇ ನಗು. ಈ ಸಲ ಅವನು ಫೋನು ಆಫ್ ಮಾಡಿ ಊಟವಾದ ಮೇಲೂ ಕೂತ. ಅರ್ಧ ಕುರ್ಚಿಗಳು ಖಾಲಿಯಾಗಿದ್ದವು.

“ಬೆಳಿಗ್ಗೆ ಹೇಳಿದ್ದನ್ನ ತಪ್ಪು ತಿಳ್ಕೋಬೇಡಿ,” ಅಂದಳು ವಕೀಲೆ. “ಪರಿಹಾರದ ಮಾತು ಬೇಡ ಅಂದೆ, ಮುಖ ತೋರಿಸ್ಬೇಡಿ ಅನ್ನಲಿಲ್ಲ. ಹೋಗಿ. ಪಕ್ಕದಲ್ಲಿ ಕೂತ್ಕೊಳ್ಳಿ. ಹೇಗಿದೀಯಪ್ಪಾ ಅಂತ ಕೇಳೋದಕ್ಕೆ ಯಾವ ಕಾನೂನೂ ಅಡ್ಡ ಬರಲ್ಲ. ನಾನು ನೋಡಿದ ಕೇಸುಗಳಲ್ಲಿ ಎಷ್ಟೋ ಜನ ಕೋರ್ಟಿಗೆ ಬಂದಿದ್ದು ಮನೆಗೆ ಯಾರೂ ಬರಲಿಲ್ಲ ಅನ್ನೋ ನೋವಿಗೆ. ಯಾರಿಗಾದ್ರೂ ಏನಾದ್ರೂ ಕೇಳೋದಿದೆಯಾ?”

ಯಜಮಾನ ಎದ್ದು ನಿಂತ. ಮೈಕು ಕೈಗೆ ತೆಗೆದುಕೊಂಡ.

“ಇದನ್ನ ಬೆಳಿಗ್ಗೆನೇ ಹೇಳಿ ಮೇಡಂ,” ಅಂದ. “ಕೆಲವರು ಊಟಕ್ಕೆ ಎದ್ದು ಹೋಗಿಬಿಡ್ತಾರೆ.”